ಆನೆ ಧಡಧಡ ನಡೆಯುವುದಿಲ್ಲ
(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಕಾಡುಪ್ರಾಣಿಗಳ ಪಾಠವನ್ನು ಆಟ, ಅಭಿನಯದಲ್ಲಿ ಹೇಗೆ ಮಾಡುತ್ತೇವೆ ಎಂದು ಹೇಳಬೇಕೆಂದು ಕೇಳಿದ್ದೀರಿ. ಇದಕ್ಕೆ ಖರ್ಚಿಲ್ಲ, ವೇಷಭೂಷಣ ಬೇಡ. ಕುರ್ಚಿಗಳನ್ನು ಗೋಡೆಗೆ ಸರಿಸಿದರೆ ಸಾಕು, ಹಾಲೇ ಕಾಡು.

‘ಆನೆಯ ಹಾಗೆ ನಡೆದು ತೋರಿಸಿ’ ಎಂದು ಹೇಳಿ ನೋಡಿ. ಎಲ್ಲ ಮಕ್ಕಳೂ ನೆಲ ನಡುಗುವಂತೆ ಧಡಧಡ ಹೆಜ್ಜೆ ಹಾಕುತ್ತಾರೆ. ಕಾರ್ಟೂನಿನಲ್ಲಿ ಅವರು ನೋಡಿರುವುದು ಹಾಗೇ. ನಿಜವಾದ ಆನೆ ಹಾಗೆ ನಡೆಯುವುದಿಲ್ಲ. ಅದರ ಪಾದದೊಳಗೆ ಕೊಬ್ಬಿನ ದಪ್ಪ ಮೆತ್ತೆಯಿದೆ. ಅಷ್ಟು ದೊಡ್ಡ ಪ್ರಾಣಿ ಪಕ್ಕದಲ್ಲೇ ಹಾದುಹೋದರೂ ಸದ್ದೇ ಆಗದಿರಬಹುದು. ಮುಂಗಾಲು ಇಟ್ಟ ಜಾಗದ ಹತ್ತಿರವೇ ಹಿಂಗಾಲು ಬಂದು ಕೂರುತ್ತದೆ. ಇಷ್ಟು ಹೇಳಿ ಮತ್ತೆ ನಡೆಯಲು ಬಿಟ್ಟರೆ ಹಾಲ್ ಪೂರ್ತಿ ನಿಶ್ಶಬ್ದವಾಗುತ್ತದೆ. ಬಾಯಿ ಮುಚ್ಚಿ ಎಂದು ನಾವು ಹತ್ತು ಸಲ ಕೂಗಿದರೂ ಆಗದ ಕೆಲಸವನ್ನು ಆನೆ ಮಾಡಿಕೊಡುತ್ತದೆ.

ಆಮೇಲೆ ಸೊಂಡಿಲು. ಕೈಗೆ ಹಳೆಯ ಕಾಲುಚೀಲ ಹಾಕಿ, ನೆಲದ ಮೇಲಿನ ಒಂದು ಕಡಲೆಕಾಯಿ ಎತ್ತಲು ಹೇಳುತ್ತೇವೆ. ಸೊಂಡಿಲಿನಲ್ಲಿ ಮೂಳೆಯೇ ಇಲ್ಲ. ನಮ್ಮ ಆನೆಗಳಿಗೆ ಅದರ ತುದಿಯಲ್ಲಿ ಬೆರಳಿನಂಥದ್ದು ಒಂದೇ ಇರುತ್ತದೆ. ಹುಟ್ಟಿದ ಮರಿಗೆ ಸೊಂಡಿಲು ಬಳಸಲು ಬರುವುದಿಲ್ಲ, ಹಾಲನ್ನು ಬಾಯಿಯಿಂದಲೇ ಕುಡಿಯುತ್ತದೆ, ಉಳಿದದ್ದನ್ನು ಕಲಿಯಬೇಕು. ಕಡಲೆಕಾಯಿ ಜಾರಿಸಿಕೊಂಡ ಮಗುವಿಗೆ ಇದನ್ನು ಹೇಳಿದರೆ ಅದಕ್ಕೆ ಎಷ್ಟು ಸಮಾಧಾನ! ಇನ್ನು ಹಿಂಡು ನಡೆಸುವುದು ಯಾರು? ಗಂಡಾನೆ ಎಂದು ಹುಡುಗರು ಮುಂದೆ ಬರುತ್ತಾರೆ. ಅಲ್ಲ, ಹಿಂಡಿನ ಹಿರಿಯ ಹೆಣ್ಣಾನೆ. ನೀರು ಎಲ್ಲಿದೆ, ಅಪಾಯ ಎಲ್ಲಿದೆ ಎಂಬ ನೆನಪು ಅವಳದು. ಗಂಡುಮರಿಗಳು ಬೆಳೆದ ಮೇಲೆ ಹಿಂಡು ಬಿಟ್ಟು ಹೋಗುತ್ತವೆ. ಆದ್ದರಿಂದ ನಮ್ಮ ತರಗತಿಯಲ್ಲಿ ಹಿಂಡಿನ ಮುಂದೆ ನಡೆಯುವವರು ಒಬ್ಬ ಅಜ್ಜಿ. ಮಂಡಿನೋವು ಇದ್ದರೂ ಪರವಾಗಿಲ್ಲ, ಆನೆಗೆ ಅವಸರವಿಲ್ಲ.

ಮಕ್ಕಳಿಗೆ ಅತಿ ಪ್ರಿಯವಾದ ಆಟ ಹುಲಿ, ಜಿಂಕೆ ಮತ್ತು ಮುಸುವದ್ದು. ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಚುಕ್ಕೆಜಿಂಕೆಗಳೂ ಕಪ್ಪುಮುಖದ ಮುಸುವಗಳೂ ಜೊತೆಜೊತೆಯಾಗಿ ಕಾಣುತ್ತವೆ. ಮುಸುವ ಮರದ ಮೇಲಿಂದ ಎಲೆ, ಹಣ್ಣು ಬೀಳಿಸುತ್ತದೆ, ಜಿಂಕೆ ಕೆಳಗೆ ತಿನ್ನುತ್ತದೆ. ಮುಸುವಕ್ಕೆ ದೂರ ಕಾಣುತ್ತದೆ, ಜಿಂಕೆಗೆ ವಾಸನೆ ಬೇಗ ತಿಳಿಯುತ್ತದೆ. ಹುಲಿಯ ಸುಳಿವು ಸಿಕ್ಕರೆ ಯಾರಾದರೂ ಒಬ್ಬರು ಕೂಗುತ್ತಾರೆ, ಇಬ್ಬರೂ ಬದುಕಿಕೊಳ್ಳುತ್ತಾರೆ. ನಮ್ಮ ಹಾಲಿನಲ್ಲಿ ಬೆಂಚಿನ ಮೇಲೆ ಒಬ್ಬ ಮುಸುವ, ಕೆಳಗೆ ಐದಾರು ಜಿಂಕೆಗಳು, ಮೂಲೆಯಲ್ಲಿ ಒಂದು ಹುಲಿ. ಜಿಂಕೆ ತಲೆ ಎತ್ತಿದರೆ ಹುಲಿ ಕಲ್ಲಿನಂತೆ ನಿಲ್ಲಬೇಕು. ಮುಸುವ ಕೂಗಿದರೆ ಆಟ ಮುಗಿಯಿತು, ಹುಲಿಗೆ ಉಪವಾಸ.

ಹುಲಿಯಾಗಲು ಮೊದಲು ಎಲ್ಲರೂ ಜಗಳವಾಡುತ್ತಾರೆ. ನಾಲ್ಕೈದು ಸಲ ಬರಿಗೈಯಲ್ಲಿ ಮರಳಿದ ಮೇಲೆ ಒಬ್ಬ ಹುಡುಗ ನೆಲದ ಮೇಲೆ ಕೂತು, ‘ಟೀಚರ್, ಹುಲಿಗೆ ತುಂಬಾ ಕಷ್ಟ’ ಎಂದ. ನಾನು ಪುಸ್ತಕ ಹಿಡಿದು ಹೇಳಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ನಿಜವಾದ ಹುಲಿಗೂ ಬಹುಪಾಲು ಬೇಟೆಗಳು ತಪ್ಪಿಹೋಗುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾವೆಲ್ಲ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು, ಸಂಘದ ವಾರ್ಷಿಕೋತ್ಸವದಲ್ಲಿ ಅದನ್ನು ಮಕ್ಕಳಿಂದ ಆಡಿಸುವವರು. ಆಡಿಸಲೇಬೇಕು, ಸತ್ಯಕ್ಕೆ ಅಂಥ ಪಾಠ ಇನ್ನೊಂದಿಲ್ಲ. ಆದರೆ ನಾಟಕ ಮುಗಿದ ಮೇಲೆ ಒಂದು ಮಗು ಕೇಳುತ್ತದೆ, ‘ಹಾಗಾದರೆ ಹುಲಿ ಏನು ತಿನ್ನಬೇಕು?’ ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಕಥೆಯ ಹುಲಿ ಕರುಣೆ ಕಲಿಯಿತು. ಕಾಡಿನ ಹುಲಿಗೆ ಹುಲ್ಲು ಜೀರ್ಣವಾಗುವುದಿಲ್ಲ. ಅದು ಕೆಟ್ಟದ್ದಲ್ಲ, ಹಸಿದದ್ದು. ಎರಡೂ ಮಾತುಗಳಿಗೆ ಐದು ವರ್ಷದ ತಲೆಯಲ್ಲಿ ಜಾಗವಿದೆ.

ಹುಲಿವೇಷವನ್ನೂ ಹೀಗೇ ಬಳಸಿಕೊಳ್ಳುತ್ತೇವೆ. ಉಡುಪಿ, ಮಂಗಳೂರು ಕಡೆಯವರ ಮನೆಯ ಮಕ್ಕಳಿಗೆ ತಾಸೆಯ ಪೆಟ್ಟು ಕೇಳಿದರೆ ಕಾಲು ನಿಲ್ಲುವುದಿಲ್ಲ. ಕುಣಿಯಲಿ. ಕುಣಿದಾದ ಮೇಲೆ ಕೇಳಿ: ವೇಷದ ಹುಲಿ ಎಲ್ಲರಿಗೂ ಕಾಣಬೇಕು, ಕಾಡಿನ ಹುಲಿ? ‘ಯಾರಿಗೂ ಕಾಣಬಾರದು’ ಎಂದು ಅವರೇ ಹೇಳುತ್ತಾರೆ. ಪಟ್ಟೆ ಯಾಕಿದೆ ಎಂಬುದು ಅಲ್ಲಿಗೆ ತಿಳಿಯಿತು.

ಈಗ ನಮ್ಮ ಊರಿಗೇ ಬರೋಣ. ಮುಂಬಯಿಯಲ್ಲಿರುವ ನಮಗೆ ಕಾಡುಪ್ರಾಣಿ ದೂರದ ಸಂಗತಿಯಲ್ಲ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 100 ಚದರ ಕಿಲೋಮೀಟರಿನದು, ಅದರಲ್ಲಿ ಚಿರತೆಗಳಿವೆ. ಮುಲುಂಡ್, ಥಾಣೆ, ಗೋರೆಗಾಂವ್ ಕಡೆ ಸೊಸೈಟಿಯ ಗೋಡೆಯ ಆಚೆಯೇ ಕಾಡು. ಆದ್ದರಿಂದ ಚಿರತೆಯ ಪಾಠ ನಮಗೆ ಮನರಂಜನೆಯಷ್ಟೇ ಅಲ್ಲ.

ಮೊದಲು ಹೆಸರಿನ ಗೊಂದಲ. ನಮ್ಮ ಮಕ್ಕಳು ಚಿರತೆ ಎಂದರೆ ಚೀತಾ ಎಂದುಕೊಳ್ಳುತ್ತಾರೆ. ಮರಾಠಿಯಲ್ಲಿ ಬಿಬಟ್ಯಾ ಎನ್ನುವುದೇ ನಮ್ಮ ಚಿರತೆ. ಚೀತಾ ಬೇರೆ. ಅದು ನಮ್ಮ ದೇಶದಿಂದ ಅಳಿದೇಹೋಗಿತ್ತು. 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ತಂದರು. ಚೀತಾ ಬಯಲಲ್ಲಿ ಓಡುವ ಮೈ, ಚಿರತೆ ಮರ ಹತ್ತುವ ಮೈ. ಎರಡನ್ನೂ ಒಮ್ಮೆ ಅಭಿನಯಿಸಿದ ಮಗು ಮತ್ತೆ ತಪ್ಪುವುದಿಲ್ಲ.

ಆಮೇಲೆ ಪುಟ್ಟ ನಾಟಕ. ಒಬ್ಬ ಮಗು ಕಸದ ರಾಶಿ. ಆ ಪಾತ್ರಕ್ಕೆ ಬಹಳ ಬೇಡಿಕೆಯಿದೆ! ಕಸ ಬಿದ್ದಲ್ಲಿ ನಾಯಿಗಳು ಬರುತ್ತವೆ. ನಾಯಿಗಳನ್ನು ಹುಡುಕಿ ಚಿರತೆ ಬರುತ್ತದೆ. ಚಿರತೆ ಕಂಡ ಜನ ಕೂಗುತ್ತಾ, ಮೊಬೈಲ್ ಹಿಡಿದು ಸುತ್ತುವರಿಯುತ್ತಾರೆ. ‘ಈಗ ನಿಲ್ಲಿ’ ಎನ್ನುತ್ತೇವೆ. ಚಿರತೆಯಾದ ಮಗುವನ್ನು ಕೇಳುತ್ತೇವೆ, ‘ನಿನಗೆ ಹೇಗನಿಸುತ್ತಿದೆ?’ ‘ಭಯ. ಹೋಗಲು ದಾರಿ ಇಲ್ಲ.’ ಅದೇ ನಾಟಕ ಇನ್ನೊಮ್ಮೆ, ಈ ಸಲ ಕಸ ಎತ್ತಿಹಾಕಿ. ನಾಯಿಗಳು ಚದುರುತ್ತವೆ, ಚಿರತೆ ಬರುವುದೇ ಇಲ್ಲ. ಅರಣ್ಯ ಇಲಾಖೆಯವರು ನಮಗೆ ದೊಡ್ಡವರಿಗೆ ಮತ್ತೆ ಮತ್ತೆ ಹೇಳುವುದೂ ಇದನ್ನೇ.

ಕೊನೆಗೆ ಅಭ್ಯಾಸ. ಚಿರತೆ ಕಂಡರೆ ಓಡಬಾರದು, ಬಗ್ಗಬಾರದು, ಕೂರಬಾರದು. ಕೂತರೆ ಅದರ ಕಣ್ಣಿಗೆ ನಾವು ಸಣ್ಣ ಪ್ರಾಣಿ. ನೆಟ್ಟಗೆ ನಿಂತು, ನಿಧಾನವಾಗಿ ಹಿಂದೆ ಸರಿದು, ದೊಡ್ಡವರನ್ನು ಕರೆಯಬೇಕು. ಕತ್ತಲಾದ ಮೇಲೆ ಒಬ್ಬರೇ ಹೊರಗೆ ಹೋಗಬಾರದು, ಮಾತಾಡಿಕೊಂಡು ಗುಂಪಿನಲ್ಲಿ ಹೋಗಬೇಕು. ಹೆದರಿದಾಗ ಬಾಯಿಪಾಠ ಮರೆತುಹೋಗುತ್ತದೆ, ಕೈಕಾಲಿಗೆ ಅಭ್ಯಾಸವಾದದ್ದು ನೆನಪಿಗೆ ಬರುವ ಸಾಧ್ಯತೆ ಹೆಚ್ಚು. ಅದಕ್ಕೇ ಪ್ರತಿ ತಿಂಗಳೂ ಆಡಿಸುತ್ತೇವೆ.

ಕೆಲವು ಎಚ್ಚರಿಕೆಗಳು. ಮುಖವಾಡ ಬೇಡ, ಮುಖ ಮುಚ್ಚಿದರೆ ಮೈ ಅಭಿನಯಿಸುವುದನ್ನು ಬಿಡುತ್ತದೆ. ಒಂದು ಆಟ ಹತ್ತು ನಿಮಿಷ ಮೀರಬಾರದು. ಬೇಡ ಎನ್ನುವ ಮಗುವನ್ನು ಎಳೆಯಬೇಡಿ, ಅದು ಮರವಾಗಿ ನಿಲ್ಲಲಿ. ಮೂರನೇ ವಾರಕ್ಕೆ ಮರದಿಂದ ಮುಸುವ ಇಳಿದು ಬರುತ್ತದೆ. ಕೊನೆಯಲ್ಲಿ ಎಲ್ಲ ಪ್ರಾಣಿಗಳೂ ಐದು ನಿಮಿಷ ಮಲಗಬೇಕು, ಇಲ್ಲದಿದ್ದರೆ ಮನೆಗೆ ಹುಲಿಯೇ ಬರುತ್ತದೆ.

ಇನ್ನೊಂದು ಲಾಭ ನಮ್ಮ ಭಾಷೆಗೆ. ಹೊಂಚು ಹಾಕು, ನುಸುಳು, ತೆವಳು, ಛಂಗನೆ ನೆಗೆ, ಘೀಳಿಡು, ಮೂಸು. ಮನೆಯಲ್ಲಿ ಹಿಂದಿ, ಇಂಗ್ಲಿಷ್ ಬೆರೆಸಿ ಮಾತಾಡುವ ಮಕ್ಕಳಿಗೆ ಈ ಪದಗಳ ಅರ್ಥ ಹೇಳಿಕೊಡಬೇಕಾಗಿಲ್ಲ. ತೆವಳಿದವರಿಗೆ ತೆವಳು ಗೊತ್ತು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಮುಂದೆ ‘ನಾನು ಹೊಂಚು ಹಾಕ್ತಿದ್ದೀನಿ’ ಎನ್ನುವ ಮೊಮ್ಮಗುವನ್ನು ಊಹಿಸಿಕೊಳ್ಳಿ.

ಮಕ್ಕಳಿಗೆ ಪ್ರಾಣಿಯ ಹೆಸರು, ಚಿತ್ರ ಮೊಬೈಲಿನಲ್ಲಿ ಸಿಗುತ್ತದೆ. ಅದರ ಹಸಿವು, ಅದರ ಭಯ, ಅದರ ತಾಳ್ಮೆ ಅಲ್ಲಿ ಸಿಗುವುದಿಲ್ಲ. ಕಾಡಿನ ಪಕ್ಕದಲ್ಲಿ ಬಾಳಬೇಕಾದ ಮಕ್ಕಳಿಗೆ ಬೇಕಾದದ್ದು ಅದೇ. ಮುಂದಿನ ಭಾನುವಾರ ನಮಗೆ ಹಿಂಡು ನಡೆಸಲು ಇನ್ನಿಬ್ಬರು ಅಜ್ಜಿಯರು ಬೇಕಾಗಿದ್ದಾರೆ. ಹೆಸರು ಕೊಡಲು ಸಂಕೋಚ ಬೇಡ.