ಒಲಿಂಪಿಕ್ಸ್ ಬಂತು, ನಾವು ರೂಮು ಖಾಲಿ ಮಾಡಿದ್ವಿ

2036ರ ಒಲಿಂಪಿಕ್ಸ್ ನಮಗೆ ಕೊಡಿ ಅಂತ ಭಾರತ ಕೇಳಿದಾಗಿನಿಂದ ಗೆಳೆಯರು ನನ್ನ ಹತ್ರ ಒಂದು ಪ್ರಶ್ನೆ ಕೇಳ್ತಾರೆ: ಒಲಿಂಪಿಕ್ಸ್ ನಡೆಯೋ ಊರಲ್ಲಿ ಇದ್ದೋರಿಗೆ ಹೇಗನ್ಸುತ್ತೆ? ಯಾಕಂದ್ರೆ 2012ರಲ್ಲಿ ನಾನು ಲಂಡನ್‌ನಲ್ಲಿ ಓದ್ತಿದ್ದೆ. ಸ್ಟೇಡಿಯಂ ಇದ್ದದ್ದು ಸ್ಟ್ರಾಟ್‌ಫರ್ಡ್‌ನಲ್ಲಿ. ನನ್ನ ರೂಮು ಅಲ್ಲಿಂದ ಸ್ವಲ್ಪ ದೂರ, ಈಸ್ಟ್ ಹ್ಯಾಮ್‌ನಲ್ಲಿ. ದೋಸೆ ಸಿಗುತ್ತೆ ಅಂತಲೇ ಆ ಏರಿಯಾ ಹಿಡಿದಿದ್ದು.

ಮೇ ತಿಂಗಳಲ್ಲಿ ಮನೆ ಓನರ್ ಬಂದು, 'ಜುಲೈ, ಆಗಸ್ಟ್ ಎರಡು ತಿಂಗಳು ಬೇರೆ ಕಡೆ ನೋಡ್ಕೊಳ್ಳಿ' ಅಂದರು. ಆಟ ನೋಡೋಕೆ ಬರೋರು ನಮ್ಮ ಮೂರರಷ್ಟು ಬಾಡಿಗೆ ಕೊಡ್ತಾರಂತೆ. ನಾನು ಲೇಟನ್‌ಸ್ಟೋನ್‌ನಲ್ಲಿದ್ದ ಗೆಳೆಯನ ಹಾಲ್‌ನಲ್ಲಿ ಹಾಸಿಗೆ ಹಾಸಿದೆ. ಆ ಏರಿಯಾದಲ್ಲೇ ಫ್ರೆಡ್ ವಿಗ್ ಟವರ್ ಅನ್ನೋ 17 ಮಹಡಿಯ ಕಟ್ಟಡ. ಆಟದ ಭದ್ರತೆಗೆ ಅಂತ ಸೇನೆಯವರು ಅದರ ತಾರಸಿ ಮೇಲೆ ವಿಮಾನ ಹೊಡೆಯೋ ಕ್ಷಿಪಣಿ ಇಡೋದಾಗಿ ಹೇಳಿದ್ರು. ಅಲ್ಲಿನ ನಿವಾಸಿಗಳು ಹೈಕೋರ್ಟ್‌ಗೆ ಹೋದ್ರು, ಜುಲೈನಲ್ಲಿ ಸೋತ್ರು. ಕೆಳಗೆ ಮಕ್ಕಳು ಮಲಗಿದ್ದಾರೆ, ಮೇಲೆ ಕ್ಷಿಪಣಿ. ಯೋಚನೆ ಮಾಡಿ.

ಇಷ್ಟಾದ ಮೇಲೆ ನನಗೆ ಒಲಿಂಪಿಕ್ಸ್ ಮೇಲೆ ಕೋಪ ಇರಬೇಕಿತ್ತು, ಅಲ್ವಾ? ಜುಲೈ 27ರ ಉದ್ಘಾಟನೆವರೆಗೆ ಇತ್ತು. ಆಮೇಲೆ ಏನೋ ಆಯ್ತು. ಲಂಡನ್ ಟ್ಯೂಬ್ ರೈಲಲ್ಲಿ ಯಾರೂ ಯಾರ ಮುಖಾನೂ ನೋಡಲ್ಲ. ಆ ಎರಡು ವಾರ ಅಪರಿಚಿತರು ತಾವಾಗಿ ಮಾತಾಡಿಸ್ತಿದ್ರು. ಆಗಸ್ಟ್ 4ರ ರಾತ್ರಿ ಒಂದು ಗಂಟೆಯೊಳಗೆ ಜೆಸಿಕಾ ಎನ್ನಿಸ್, ಗ್ರೆಗ್ ರುದರ್‌ಫರ್ಡ್, ಮೊ ಫರಾ ಮೂರು ಚಿನ್ನ ಗೆದ್ರು. ಸೊಮಾಲಿಯಾ ಮೂಲದ ಫರಾ ಕೊನೇ ಸುತ್ತು ಓಡೋವಾಗ ಕಿರುಚಿ ಕಿರುಚಿ ನನ್ನ ಗಂಟಲು ಕಟ್ಟಿತ್ತು. ನನ್ನದಲ್ಲದ ದೇಶ, ಬೇರೆಯವರ ಹಾಲ್‌ನ ಹಾಸಿಗೆ, ಆದ್ರೂ ಕಣ್ಣಲ್ಲಿ ನೀರು.

ಇದು ನನ್ನೊಬ್ಬನ ಹುಚ್ಚಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪಾಲ್ ಡೋಲನ್ ಮತ್ತು ಜೊತೆಗಾರರು ಲಂಡನ್, ಪ್ಯಾರಿಸ್, ಬರ್ಲಿನ್‌ನ ಸುಮಾರು 26,000 ಜನರನ್ನ 2011, 2012, 2013ರ ಬೇಸಿಗೆಗಳಲ್ಲಿ ಮಾತಾಡಿಸಿದ್ರು. ಬದುಕಿನ ಬಗ್ಗೆ ಎಷ್ಟು ತೃಪ್ತಿ ಇದೆ, ನಿನ್ನೆ ಎಷ್ಟು ಖುಷಿಯಾಗಿದ್ರಿ, ಇಂಥ ಪ್ರಶ್ನೆಗಳು. ಆಟದ ಹೊತ್ತಲ್ಲಿ ಲಂಡನ್‌ನವರ ಖುಷಿ ನಿಜಕ್ಕೂ ಏರಿತ್ತು, ಅದರಲ್ಲೂ ಉದ್ಘಾಟನೆ, ಸಮಾರೋಪದ ಆಸುಪಾಸಿನಲ್ಲಿ. ಒಂದು ವರ್ಷ ಕಳೆಯೋದ್ರೊಳಗೆ ಅದು ಇಳಿದೂ ಹೋಗಿತ್ತು.

ಆ ಊರಿಗೆ ಅಂಥ ಖುಷಿ ಬೇಕೂ ಆಗಿತ್ತು ಅನ್ಸುತ್ತೆ. ಒಲಿಂಪಿಕ್ಸ್ ಸಿಕ್ಕಿದ್ದು 2005ರ ಜುಲೈ 6ಕ್ಕೆ. ಮಾರನೇ ದಿನವೇ ಟ್ಯೂಬ್, ಬಸ್ಸಲ್ಲಿ ಬಾಂಬ್ ಸಿಡಿದು 52 ಜನ ಸತ್ರು. 2011ರ ಆಗಸ್ಟ್‌ನಲ್ಲಿ ಗಲಭೆ, ಅಂಗಡಿಗಳಿಗೆ ಬೆಂಕಿ. ಒಂದೇ ವರ್ಷಕ್ಕೆ ಅದೇ ಊರು ಒಟ್ಟಿಗೆ ಕುಣೀತು.

ಆದ್ರೆ ಆ ಸರ್ವೆಯ ಸರಾಸರಿಯೊಳಗೆ ಕ್ಲೇಸ್ ಲೇನ್‌ನವರನ್ನ ಎಲ್ಲಿಡೋದು? ಈಗ ಪಾರ್ಕ್ ಇರೋ ಜಾಗದಲ್ಲಿ ಇದ್ದ ಸಹಕಾರಿ ವಸತಿ ಅದು. 400ಕ್ಕೂ ಹೆಚ್ಚು ಜನ ಇದ್ರು, ಹೆಚ್ಚಿನವರು ಒಂಟಿಯಾಗಿ ಬಂದು ಅಲ್ಲೇ ನೆರೆಹೊರೆ ಮಾಡ್ಕೊಂಡವರು. 2007ರಲ್ಲಿ ಎಲ್ಲರನ್ನೂ ಎಬ್ಬಿಸಿದ್ರು. ಬೇರೆ ಮನೆ ಕೊಡಬಹುದು. ಜ್ವರ ಬಂದಾಗ ಬಾಗಿಲು ಬಡಿಯೋ ಪಕ್ಕದ ಮನೆಯವರನ್ನ ಹೇಗೆ ಕೊಡ್ತೀರಿ? ಈ ನಷ್ಟ ಎರಡು ವಾರದ್ದಲ್ಲ. ಖುಷಿ ಇಡೀ ಊರಿಗೆ ಹಂಚಿಹೋಯ್ತು, ಬೆಲೆ ಕೆಲವು ಬೀದಿಗಳ ಮೇಲೆ ಬಿತ್ತು. ನನ್ನ ಅಭಿಪ್ರಾಯ ಅಷ್ಟೇ.

ಸೆಪ್ಟೆಂಬರ್‌ನಲ್ಲಿ ನಾನು ಈಸ್ಟ್ ಹ್ಯಾಮ್‌ಗೆ ವಾಪಸ್ ಹೋದೆ. ಬಾಡಿಗೆ ಏರಿತ್ತು. ಟ್ಯೂಬಲ್ಲಿ ಎಲ್ಲರೂ ಮತ್ತೆ ಪೇಪರ್ ಹಿಂದೆ. ಮುಂದಿನ ವರ್ಷ ಸ್ಟ್ರಾಟ್‌ಫರ್ಡ್‌ನ ಹಾಸ್ಟೆಲ್ ಒಂದರಲ್ಲಿದ್ದ 29 ಎಳೆ ತಾಯಂದಿರಿಗೆ ಖಾಲಿ ಮಾಡಿ ಅಂತ ನೋಟಿಸ್ ಬಂತು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆ ಹೋಗಿ ಅಂದ್ರಂತೆ. ಅವರು ಹೋಗಲಿಲ್ಲ, ಕೂಸುಗಳನ್ನ ಕರ್ಕೊಂಡು ಬೀದಿಗಿಳಿದು ಹೋರಾಟ ಶುರು ಮಾಡಿದ್ರು. ಮರುವರ್ಷ ಪಾರ್ಕ್ ಪಕ್ಕದಲ್ಲೇ ಖಾಲಿ ಬಿದ್ದಿದ್ದ ಕಾರ್ಪೆಂಟರ್ಸ್ ಎಸ್ಟೇಟ್‌ನ ಫ್ಲಾಟ್‌ಗಳಿಗೆ ನುಗ್ಗಿ ಕೂತ್ರು.

ಆಗಸ್ಟ್ 4ರ ರಾತ್ರಿಯ ವಿಡಿಯೋ ನನ್ನ ಹತ್ರ ಈಗಲೂ ಇದೆ. ನೋಡಿದ್ರೆ ಈಗಲೂ ಮೈ ಜುಮ್ ಅನ್ನುತ್ತೆ. ಏನ್ ಮಾಡ್ಲಿ?

ನಿಮ್ಮ ಊರಲ್ಲಿ ದೊಡ್ಡ ಪಂದ್ಯ ನಡೆದಾಗ ನಿಮ್ಮ ಬೀದಿಯಲ್ಲಿ ಏನಾಯ್ತು? ವಾಯ್ಸ್ ನೋಟ್ ಕಳಿಸಿ, ಕೇಳ್ತೀನಿ.