ಸಾಲಗಾರರೂ ನಾವೇ, ಒಡೆಯರೂ ನಾವೇ
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದಿನಿಂದ ನಮ್ಮ ರೈತ ಒಂದೇ ಸಂಘದಲ್ಲಿ ಸಾಲಗಾರನೂ ಹೌದು, ಒಡೆಯನೂ ಹೌದು.

ಈ ವಿಚಿತ್ರ ನೋಡಬೇಕಾದರೆ ಮಹಾಸಭೆಗೆ ಬರಬೇಕು. ಸಾಲದ ಬಡ್ಡಿ ಇಳಿಸಿ ಅಂತೀವಿ, ಠೇವಣಿ ಬಡ್ಡಿ ಏರಿಸಿ ಅಂತೀವಿ, ಡಿವಿಡೆಂಡೂ ಹೆಚ್ಚು ಬೇಕು ಅಂತೀವಿ. ಮೂರೂ ಬರಬೇಕಾದ್ದು ಒಂದೇ ಗಲ್ಲಾದಿಂದ! ಸುಸ್ತಿದಾರರ ಮೇಲೆ ಕ್ರಮ ಆಗಲಿ ಎನ್ನುವವರೇ, ಸೋದರಮಾವನಿಗೆ ನೋಟೀಸು ಹೋದರೆ ಕಾರ್ಯದರ್ಶಿಗಳ ಮನೆ ಬಾಗಿಲು ತಟ್ಟುತ್ತಾರೆ.

ಸಾಹುಕಾರನ ಸಾಲವನ್ನು ಹೆದರಿ ತೀರಿಸುತ್ತೇವೆ. ಸಂಘದ್ದು ನಮ್ಮದೇ ತಾನೇ ಅಂತ ಬಿಡ್ತೀವಿ. 'ನಮ್ಮದು' ಎಂಬ ಮಾತೇ ಸಂಘ ಕಟ್ಟಿತು. ಅದೇ ಮಾತು ಕೆಡವಲೂಬಹುದು. ನಾವು ಬಾಕಿ ಉಳಿಸಿಕೊಂಡ ಕಂತೇ ಪಕ್ಕದ ಹೊಲದವರಿಗೆ ಸಿಗದೇ ಹೋದ ಬಿತ್ತನೆ ಸಾಲ. ಮೊದಲು ಕಂತು ಕಟ್ಟೋಣ, ಆಮೇಲೆ ಒಡೆತನದ ಮಾತಾಡೋಣ.