ಒಂದು ಚುಕ್ಕೆಗೆ ಸುಸ್ತಾದ ಮೇಲ್ ಸರ್ವರ್

ಠಾಣೆ, ಕಲ್ಯಾಣ, ಡೊಂಬಿವಲಿಯಿಂದ ಐರೋಲಿ, ಮಹಾಪೆ ಕಡೆ ಕೆಲಸಕ್ಕೆ ಹೋಗೋ ನಮ್ಮವರಲ್ಲಿ ಸರ್ವರ್ ನೋಡ್ಕೊಳ್ಳೋರು ಬಹಳ ಜನ ಇದ್ದೀರಿ. ಇವತ್ತಿನ ಮಾತು ನಿಮಗೆ: ಎಕ್ಸಿಮ್‌ ಮೇಲ್ ಸರ್ವರಿನಲ್ಲಿ 2017ರ ನವೆಂಬರ್‌ನಲ್ಲಿ ಹೊರಬಿದ್ದ ದೋಷ, ಸಿವಿಇ-2017-16944.

ಹಳೇ ಡೇಟಾ ಕಮಾಂಡ್‌ನಲ್ಲಿ ಮೇಲ್ ಮುಗೀತು ಅಂತ ಹೇಳೋದು ಒಂದು ಸಾಲಲ್ಲಿ ಒಂಟಿಯಾಗಿ ಬರೋ ಚುಕ್ಕೆ. ಬಿಡ್ಯಾಟ್ ಕಮಾಂಡ್ ಹಾಗಲ್ಲ. ಎಷ್ಟು ಬೈಟ್ ಬರುತ್ತೆ ಅಂತ ಮೊದಲೇ ಹೇಳಿಬಿಡುತ್ತೆ, ಎಣಿಸಿಕೊಂಡರಾಯ್ತು. ಅಲ್ಲಿ ಚುಕ್ಕೆ ಬರೀ ಚುಕ್ಕೆ. ಆದರೆ ಎಕ್ಸಿಮ್ 4.88, 4.89 ಆವೃತ್ತಿಗಳು ಅಲ್ಲೂ ಚುಕ್ಕೆ ಹುಡುಕ್ತಿದ್ವು. ಬೇಕಂತಲೇ ಒಂದು ಚುಕ್ಕೆ ಕಳಿಸಿದರೆ ಪ್ರೊಸೆಸ್ ಲೂಪ್‌ಗೆ ಬಿದ್ದು ಹೊರಗೇ ಬರಲ್ಲ. ಪಾಸ್‌ವರ್ಡ್ ಕೂಡ ಬೇಡ. ಅಂಥವು ಹತ್ತಾರು ಸೇರಿದರೆ ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ಥರ: ಒಳಗಿನವರು ಇಳಿಯಲ್ಲ, ಹೊರಗಿನವರಿಗೆ ಜಾಗ ಇಲ್ಲ. ಆಫೀಸಿಗೆ ಬರಬೇಕಾದ ಟೆಂಡರ್, ಇನ್‌ವಾಯ್ಸ್ ಎಲ್ಲ ಹೊರಗೇ.

ದುರಸ್ತಿ 4.89.1 ಮತ್ತು 4.90ರಲ್ಲಿ ಬಂತು. ಅಲ್ಲೀವರೆಗೆ ದಾರಿ ಒಂದೇ: ಕಾನ್ಫಿಗ್‌ನಲ್ಲಿ 'ಚಂಕಿಂಗ್ ಅಡ್ವರ್ಟೈಸ್ ಹೋಸ್ಟ್ಸ್' ಸೆಟ್ಟಿಂಗ್ ಬರೆದು ಬೆಲೆ ಖಾಲಿ ಬಿಡೋದು. ಸಾಲನ್ನೇ ಅಳಿಸಿದರೆ ಪ್ರಯೋಜನ ಇಲ್ಲ, ಡೀಫಾಲ್ಟ್‌ನಲ್ಲಿ ಅದು ಎಲ್ಲರಿಗೂ ತೆರೆದೇ ಇರುತ್ತೆ. ಯಾರೂ ಮುಟ್ಟದ ಹಳೇ ಸರ್ವರ್ ನಿಮ್ಮಲ್ಲಿದ್ದರೆ, ಸೋಮವಾರ ಆವೃತ್ತಿ ನೋಡಿ.